ಗಾಯಕ್ಕೆ ಹೊಲಿಗೆ: ಯಾರು ಹಾಕಬೇಕು, ಯಾವಾಗ ಹಾಕಬೇಕು, ನಾವು ಏನು ಕಲಿಯಬೇಕು?



ಚಂದ್ರಂಪಳ್ಳಿ ಕಡೆಯ ಸಂಘಗಳ ಸಭೆಯಲ್ಲಿ ಪ್ರಥಮ ಚಿಕಿತ್ಸೆಯ ಮಾತು ಬಂದಾಗ ಒಬ್ಬ ಸದಸ್ಯೆ ನೇರವಾಗಿ ಕೇಳಿದರು: "ಸಿಸ್ಟರ್, ನಾವು ಕೌದಿ ಹೊಲಿತೀವಿ, ಕುಪ್ಪಸ ಹೊಲಿತೀವಿ. ಗಾಯಕ್ಕ ಟಾಕಿ ಹಾಕೋದೂ ಕಲಿಸಿಬಿಡ್ರಿ. ಪ್ರತಿ ಸಲ ಚಿಂಚೋಳಿಗೆ ಓಡೋದು ತಪ್ಪತದ."

ಕೇಳಿದ್ದರಲ್ಲಿ ನ್ಯಾಯ ಇದೆ. ನಮ್ಮ ಕಡೆ ಗಾಯಕ್ಕೆ ಬರವಿಲ್ಲ. ತೊಗರಿ ಕೊಯ್ಯುವಾಗ ಕುಡಗೋಲು ಬೆರಳಿಗೆ ತಾಗುತ್ತದೆ. ರಾಶಿ ಯಂತ್ರಕ್ಕೆ ಸೀರೆ ಸೆರಗು ಸಿಗುತ್ತದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯ ಕಲ್ಲಿನ ಗಣಿಗಳಲ್ಲಿ ಫರಸಿ ಕಲ್ಲಿನ ಅಂಚು ಕಾಲಿಗೆ ಬೀಳುತ್ತದೆ. ಕಟ್ಟಿಗೆ ಕಡಿಯುವಾಗ ಕೊಡಲಿ ಜಾರುತ್ತದೆ. ಅವತ್ತಿನ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಹೋಗುತ್ತದೆ. ಗಾಯ ಕೀವಾದರೆ ಹದಿನೈದು ದಿನದ ಕೂಲಿ ಹೋಗಿ, ಸಂಘದಲ್ಲಿ ಸಾಲ ತೆಗೆಯುವ ಪರಿಸ್ಥಿತಿ ಬರುತ್ತದೆ. ಆದ್ದರಿಂದ ಆ ತಂಗಿಯ ಪ್ರಶ್ನೆಗೆ "ಬ್ಯಾಡ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಾರದು. ಯಾಕೆ ಬೇಡ, ಅದರ ಬದಲಿಗೆ ಏನು ಕಲಿಯಬೇಕು ಎಂಬುದನ್ನು ಬಿಡಿಸಿ ನೋಡೋಣ.

ಹೊಲಿಗೆ ಮಾಡುವ ಕೆಲಸ ಏನು?

ಗಾಯವನ್ನು ವಾಸಿ ಮಾಡುವುದು ಹೊಲಿಗೆ ಅಲ್ಲ, ನಮ್ಮ ದೇಹ. ಬಾಯಿ ತೆರೆದ ಗಾಯದ ಎರಡು ಅಂಚುಗಳನ್ನು ಹತ್ತಿರ ತಂದು ಹಿಡಿದುಕೊಂಡಿರುವುದಷ್ಟೇ ಹೊಲಿಗೆಯ ಕೆಲಸ. ಅಂಚುಗಳು ಕೂಡಿದ್ದರೆ ಚರ್ಮ ಬೇಗ ಬೆಸೆಯುತ್ತದೆ, ರಕ್ತ ನಿಲ್ಲುತ್ತದೆ, ಕಲೆ ಸಣ್ಣದಾಗುತ್ತದೆ.

ಆದರೆ ಒಳಗೆ ಮಣ್ಣು, ಕಲ್ಲಿನ ಪುಡಿ, ಬಟ್ಟೆಯ ಎಳೆ, ಸತ್ತ ಮಾಂಸ ಉಳಿದಿದ್ದರೆ ಅದೇ ಹೊಲಿಗೆ ಶತ್ರುವಾಗುತ್ತದೆ. ಹೊಲಸನ್ನು ಒಳಗಿಟ್ಟು ಬಾಗಿಲು ಹಾಕಿದಂತೆ ಆಗುತ್ತದೆ. ಮೇಲೆ ನೋಡಿದರೆ ಗಾಯ ಮುಚ್ಚಿದೆ, ಒಳಗೆ ಕೀವು ಬೆಳೆಯುತ್ತಿದೆ. ಅದಕ್ಕೇ ತಿಳಿದ ಡಾಕ್ಟರು ಸೂಜಿ ಹಿಡಿಯುವ ಮುಂಚೆ ತೊಳೆಯುವುದಕ್ಕೇ ಹೆಚ್ಚು ಹೊತ್ತು ಕೊಡುತ್ತಾರೆ. 1867ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು, ಕ್ರಿಮಿ ಕೊಲ್ಲುವ ದ್ರಾವಣ ಬಳಸಿದರೆ ಗಾಯ ಕೊಳೆಯುವುದನ್ನು ತಡೆಯಬಹುದು ಎಂದು ಪ್ರಕಟಿಸಿದರು. ಹೊಲಿಗೆ ಹಾಕುವ ವಿದ್ಯೆ ಅದಕ್ಕಿಂತ ಸಾವಿರಾರು ವರ್ಷ ಹಳೆಯದು. ಆದರೆ ಅಲ್ಲಿಯವರೆಗೆ ಚೆನ್ನಾಗಿ ಹೊಲಿದ ಗಾಯವೂ ಕೊಳೆತು ಜನ ಸಾಯುತ್ತಿದ್ದರು.

ಕೌದಿಯ ಹೊಲಿಗೆ ಬೇರೆ, ಗಾಯದ ಹೊಲಿಗೆ ಬೇರೆ

ಕೌದಿಗೆ ನೇರ ಸೂಜಿ. ಒಂದೇ ದಾರ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಗಾಯಕ್ಕೆ ಬಳಸುವ ಸೂಜಿ ಅರ್ಧಚಂದ್ರದ ಹಾಗೆ ಬಾಗಿರುತ್ತದೆ. ಅದನ್ನು ಬೆರಳಲ್ಲಿ ಹಿಡಿಯುವುದಿಲ್ಲ, ಇಕ್ಕಳದಂಥ ಉಪಕರಣದಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿ ನೂಕುತ್ತಾರೆ. ಸೂಜಿ ಚರ್ಮಕ್ಕೆ ನೆಟ್ಟಗೆ ಇಳಿಯಬೇಕು. ಎರಡೂ ಕಡೆ ಅಂಚಿನಿಂದ ಒಂದೇ ದೂರದಲ್ಲಿ, ಒಂದೇ ಆಳದಲ್ಲಿ ಹಾದು ಬರಬೇಕು.

ಸಾಮಾನ್ಯ ಗಾಯಕ್ಕೆ ಒಂದೊಂದು ಹೊಲಿಗೆಯನ್ನೂ ಬೇರೆ ಬೇರೆ ಗಂಟು ಹಾಕಿ ಕತ್ತರಿಸುತ್ತಾರೆ. ಇದಕ್ಕೆ ಕಾರಣ ಇದೆ. ಒಂದು ಸಡಿಲಾದರೂ ಉಳಿದವು ಗಾಯ ಹಿಡಿದಿರುತ್ತವೆ. ಒಂದು ಕಡೆ ಕೀವಾದರೆ ಅದೊಂದೇ ಹೊಲಿಗೆ ತೆಗೆದು ಕೀವು ಹೊರಗೆ ಬಿಡಬಹುದು. ಗಂಟು ಬಿಗಿಯಾಗಿಯೂ ಇರಬಾರದು. ಗಾಯ ಮರುದಿನ ಬಾಯುತ್ತದೆ. ಬಿಗಿದ ದಾರ ಚರ್ಮಕ್ಕೆ ಬರುವ ರಕ್ತವನ್ನೇ ತಡೆದು ಅಂಚನ್ನು ಕೊಲ್ಲುತ್ತದೆ.

ದಾರವೂ ಮನೆಯ ನೂಲಲ್ಲ. ಮೇಲಿನ ಚರ್ಮಕ್ಕೆ ಹೆಚ್ಚಾಗಿ ನೈಲಾನ್‌ನಂಥ ದಾರ ಹಾಕಿ ಆಮೇಲೆ ತೆಗೆಯುತ್ತಾರೆ. ಒಳಗಿನ ಪದರಕ್ಕೆ ತಾನೇ ಕರಗುವ ದಾರ. ಎರಡೂ ಕ್ರಿಮಿ ಇಲ್ಲದಂತೆ ಮಾಡಿ ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ. ಮನೆಯ ಸೂಜಿ-ದಾರವನ್ನು ನೀರಲ್ಲಿ ಕುದಿಸಿದರೆ ಆ ಶುದ್ಧಿ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಣ್ಣಿಗೆ ಕಾಣದೇ ಇರುವುದು. ಬಟ್ಟೆಯ ಕೆಳಗೆ ಏನೂ ಇಲ್ಲ. ಚರ್ಮದ ಕೆಳಗೆ ನರ, ರಕ್ತನಾಳ, ಬೆರಳು ಮಡಚುವ ಸ್ನಾಯುವಿನ ದಾರಗಳು ಇವೆ. ಅಂಗೈ ಕೊಯ್ದಾಗ ಒಳಗಿನ ಸ್ನಾಯು ದಾರ ಕಡಿದಿದ್ದರೆ, ಅದನ್ನು ನೋಡದೆ ಮೇಲಿನ ಚರ್ಮ ಹೊಲಿದುಬಿಟ್ಟರೆ, ಗಾಯ ವಾಸಿಯಾಗುತ್ತದೆ ಆದರೆ ಬೆರಳು ಮಡಚಲು ಬರುವುದಿಲ್ಲ. ಕುಡಗೋಲು ಹಿಡಿಯುವ ಕೈ, ರೊಟ್ಟಿ ಬಡಿಯುವ ಕೈ ಜೀವನವಿಡೀ ಕುಂದುತ್ತದೆ. ಅದಕ್ಕೇ ಡಾಕ್ಟರು ಮೊದಲು "ಬೆರಳು ಮಡಚು, ಬಿಚ್ಚು, ಮುಟ್ಟಿದ್ದು ಗೊತ್ತಾಗ್ತದ ಏನು?" ಎಂದು ಕೇಳುತ್ತಾರೆ.

ಇನ್ನು ಮರಗಟ್ಟುವ ಚುಚ್ಚುಮದ್ದು. ಅದನ್ನು ರೋಗಿಯ ತೂಕ ನೋಡಿ ಲೆಕ್ಕದಲ್ಲಿ ಕೊಡಬೇಕು. ಅಳತೆ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತಕ್ಕೂ ತೊಂದರೆ ಆಗಬಹುದು.

ಕಲಿಯುವವರು ಹೇಗೆ ಕಲಿಯುತ್ತಾರೆ?

ಇದು ನೋಡಿ ಬರುವ ವಿದ್ಯೆಯಲ್ಲ, ಕೈ ಪಳಗಬೇಕು. ನಮ್ಮ ದೇಶದ ಹಳೆಯ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಇದೆ. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿಯಂಥ ಕಾಯಿಗಳ ಮೇಲೆ, ಹೊಲಿಗೆಯನ್ನು ದಪ್ಪ ಬಟ್ಟೆಯ ಅಂಚು ಮತ್ತು ಮೆತ್ತನೆಯ ಚರ್ಮದ ಅಂಚಿನ ಮೇಲೆ, ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ ಅಭ್ಯಾಸ ಮಾಡಬೇಕು ಎಂದು ಅದು ಹೇಳುತ್ತದೆ. ಎಷ್ಟೇ ಓದಿದ್ದರೂ ಕೈಯಿಂದ ಮಾಡದವನು ಕೆಲಸಕ್ಕೆ ತಕ್ಕವನಲ್ಲ ಎಂಬುದು ಅದರ ಅಭಿಪ್ರಾಯ.

ಇಂದಿಗೂ ದಾರಿ ಅದೇ. ವೈದ್ಯಕೀಯ ವಿದ್ಯಾರ್ಥಿಗಳು ಸ್ಪಂಜಿನ ತುಂಡು, ಬಾಳೆಹಣ್ಣಿನ ಸಿಪ್ಪೆ, ಕೋಳಿ ಕಾಲಿನ ಮೇಲೆ ಗಂಟು ಹಾಕಿ ಹಾಕಿ ಕಲಿಯುತ್ತಾರೆ. ಆಮೇಲೆ ಹಿರಿಯರ ಪಕ್ಕ ನಿಂತು ನೋಡುತ್ತಾರೆ. ನಂತರ ಹಿರಿಯರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ತಾವು ಹಾಕುತ್ತಾರೆ. ಸೂಜಿ ತಮ್ಮ ಕೈಗೆ ಚುಚ್ಚಿಕೊಳ್ಳದಂತೆ ನೋಡಿಕೊಳ್ಳುವುದೂ ಪಾಠದ ಭಾಗ. ರಕ್ತ ತಾಗಿದ ಸೂಜಿಯಿಂದ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ, ಸಿ ರೋಗಗಳು ಹರಡುತ್ತವೆ. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಗೇ ಹಾಕಬೇಕು.

ಹಳ್ಳಿಯಲ್ಲಿ ತರಬೇತಿ ಇಲ್ಲದೆ ಬ್ಯಾಗು ಹಿಡಿದು ತಿರುಗುವವರು ಹೊಲಿಗೆ ಹಾಕುವುದುಂಟು. "ಹತ್ತಿರ ಇದ್ದಾರ, ಉದ್ರಿ ಕೊಡ್ತಾರ" ಎಂದು ನಾವೂ ಹೋಗುತ್ತೇವೆ. ಆದರೆ ಅವರಲ್ಲಿ ಎಷ್ಟೋ ಮಂದಿ ತೊಳೆಯುವುದರಲ್ಲಿ, ಬೆರಳು ಮಡಚಿಸಿ ನೋಡುವುದರಲ್ಲಿ ಹೊತ್ತು ಕಳೆಯುವುದಿಲ್ಲ. ಕರ್ನಾಟಕದಲ್ಲಿ 2007ರ ಕಾಯ್ದೆಯಂತೆ ಖಾಸಗಿ ಚಿಕಿತ್ಸಾಲಯ ನಡೆಸಲು ನೋಂದಣಿ ಬೇಕೇ ಬೇಕು. ಒಳಗೆ ಹೋದಾಗ ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ ನೋಡಿರಿ. ಕೇಳುವುದಕ್ಕೆ ನಾಚಿಕೆ ಬೇಡ.

ಗಾಯವಾದ ಕೂಡಲೇ ನಮ್ಮ ಕೈಯಲ್ಲಿರುವ ಕೆಲಸ

ಹೊಲಿಗೆ ಚೆನ್ನಾಗಿ ಕೂಡುತ್ತದೋ ಇಲ್ಲವೋ ಎಂಬುದು ದವಾಖಾನೆಗೆ ಹೋಗುವ ಮುಂಚೆಯೇ ಅರ್ಧ ನಿರ್ಧಾರ ಆಗಿರುತ್ತದೆ. ಆ ಅರ್ಧ ನಮ್ಮದು.

1. ಮೊದಲು ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ಬೇರೆಯವರ ರಕ್ತ ಮುಟ್ಟುವಾಗ ಕೈಗವಸು ಹಾಕಿರಿ. ಇಲ್ಲದಿದ್ದರೆ ಶುದ್ಧ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಳ್ಳಿರಿ.

2. ರಕ್ತ ಜೋರಾಗಿ ಬರುತ್ತಿದ್ದರೆ ತೊಳೆಯುತ್ತ ಕೂಡಬೇಡಿರಿ. ಶುದ್ಧ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿರಿ. 10ರಿಂದ 15 ನಿಮಿಷ ಬಿಡದೆ ಒತ್ತಬೇಕು. "ನಿಂತದ ಏನು?" ಎಂದು ಪದೇ ಪದೇ ಎತ್ತಿ ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಮತ್ತೆ ಹರಿಯುತ್ತದೆ. ಬಟ್ಟೆ ನೆಂದರೆ ಅದರ ಮೇಲೆಯೇ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿರಿ. ಕೈ ಅಥವಾ ಕಾಲನ್ನು ಮೇಲೆ ಎತ್ತಿ ಹಿಡಿಯಿರಿ. ನಿಲ್ಲದಿದ್ದರೆ ಒತ್ತುತ್ತಲೇ 108ಕ್ಕೆ ಫೋನ್ ಮಾಡಿಸಿರಿ.

3. ರಕ್ತ ನಿಂತ ಸಣ್ಣ ಗಾಯವಾದರೆ ಕುಡಿಯುವ ನೀರನ್ನು ಧಾರೆಯಾಗಿ ಸುರಿದು ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿರಿ. ಮಣ್ಣು, ಕಲ್ಲಿನ ಪುಡಿ ಹರಿದು ಹೋಗುವ ತನಕ ನೀರು ಬಿಡಿರಿ.

4. ಗಾಯದಲ್ಲಿ ಕಬ್ಬಿಣ, ಗಾಜು, ಕಟ್ಟಿಗೆ ಆಳವಾಗಿ ನಾಟಿದ್ದರೆ ಕೀಳಬೇಡಿರಿ. ಅದೇ ರಕ್ತವನ್ನು ತಡೆದಿರಬಹುದು. ಅಲುಗಾಡದಂತೆ ಸುತ್ತಲೂ ಬಟ್ಟೆ ಸುತ್ತಿ ಕರೆದೊಯ್ಯಿರಿ.

5. ಬೆರಳು ತುಂಡಾದರೆ ಆ ತುಂಡನ್ನು ಎಸೆಯಬೇಡಿರಿ. ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫದ ಮೇಲೆ ಇಟ್ಟು ಒಯ್ಯಿರಿ. ತುಂಡಿಗೆ ಬರ್ಫ ನೇರವಾಗಿ ತಾಗಬಾರದು.

6. ಅರಿಶಿನ, ಸುಣ್ಣ, ತಂಬಾಕು, ಚಹಾಪುಡಿ, ಬಟ್ಟೆ ಸುಟ್ಟ ಬೂದಿ, ಸಗಣಿ, ಸೀಮೆಎಣ್ಣೆ ಯಾವುದನ್ನೂ ತುಂಬಬೇಡಿರಿ. ಅರಿಶಿನಕ್ಕೆ ಔಷಧಿ ಗುಣ ಇರಬಹುದು. ಆದರೆ ಡಬ್ಬಿಯ ಅರಿಶಿನ ಕ್ರಿಮಿ ಇಲ್ಲದ್ದಲ್ಲ, ತೆರೆದ ಗಾಯದಲ್ಲಿ ಅದು ಹೊರಗಿನ ಪುಡಿಯೇ. ಹೊಲಿಯುವ ಮುಂಚೆ ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ರೋಗಿಗೆ ಎರಡು ಪಟ್ಟು ನೋವು.

ಯಾವ ಗಾಯಕ್ಕೆ ಹೊಲಿಗೆ ಬೇಕು?

ಒತ್ತಿದರೂ ರಕ್ತ ನಿಲ್ಲದ ಗಾಯ, ಬಾಯಿ ತೆರೆದು ಅಂಚು ಕೂಡದ ಗಾಯ, ಒಳಗೆ ಹಳದಿ ಕೊಬ್ಬು, ಮಾಂಸ ಅಥವಾ ಎಲುಬು ಕಾಣುವ ಗಾಯ, ಮುಖದ ಗಾಯ, ಕೀಲಿನ ಮೇಲಿನ ಗಾಯ, ಬೆರಳು ಜೋಮು ಹಿಡಿದ ಅಥವಾ ಮಡಚಲು ಬಾರದ ಗಾಯ: ಇವನ್ನು ಡಾಕ್ಟರು ನೋಡಲೇಬೇಕು. ಬೇಗ ಹೋದಷ್ಟೂ ಒಳ್ಳೆಯದು. ಸಾಮಾನ್ಯವಾಗಿ 6ರಿಂದ 8 ಗಂಟೆಯೊಳಗೆ ಹೋಗಬೇಕು. ಮುಖಕ್ಕೆ ರಕ್ತದ ಹರಿವು ಚೆನ್ನಾಗಿರುವುದರಿಂದ ಒಂದು ದಿನದವರೆಗೂ ಹೊಲಿಯಲು ಬರುತ್ತದೆ. ತಡವಾಯಿತೆಂದು ಮನೆಯಲ್ಲೇ ಉಳಿಯಬೇಡಿರಿ. ಕೆಲವು ಹೊಲಸಾದ ಗಾಯಗಳನ್ನು ಡಾಕ್ಟರೇ ತೆರೆದಿಟ್ಟು, ತೊಳೆದು, ನಾಲ್ಕೈದು ದಿನದ ಮೇಲೆ ಹೊಲಿಯುತ್ತಾರೆ. "ಟಾಕಿ ಹಾಕಲಿಲ್ಲ, ಹಂಗೇ ಕಳಿಸಿದರು" ಎಂದು ಸಿಟ್ಟಾಗುವ ಮುಂಚೆ ಕಾರಣ ಕೇಳಿರಿ.

ಯಾವುದಕ್ಕೆ ಹೊಲಿಗೆ ಬೇಡ?

ನಾಯಿ ಕಚ್ಚಿದ ಗಾಯಕ್ಕೆ ಕೂಡಲೇ ಹೊಲಿಗೆ ಹಾಕಬಾರದು. ಸೂಜಿಯೇ ರೇಬೀಸ್ ವಿಷಾಣುವನ್ನು ಇನ್ನೂ ಆಳಕ್ಕೆ, ನರದ ಹತ್ತಿರಕ್ಕೆ ಒಯ್ಯಬಹುದು. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ಪೂರ್ತಿ ತೊಳೆದು ಅವತ್ತೇ ಸರಕಾರಿ ದವಾಖಾನೆಗೆ ಹೋಗಿರಿ. ಅಲ್ಲಿ ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಬೇರೆ ಸೀರಂ ಚುಚ್ಚಬೇಕು. ಹೊಲಿಗೆ ಬೇಕೇ ಬೇಕು ಅನ್ನುವಂಥ ದೊಡ್ಡ ಗಾಯವಾದರೆ ಸೀರಂ ಕೊಟ್ಟ ಮೇಲೆ ಸಡಿಲಾಗಿ ಹಾಕುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಹಾವು ಕಚ್ಚಿದಲ್ಲಿ ಕೊಯ್ಯಬೇಡಿರಿ, ಹೀರಬೇಡಿರಿ, ಹಗ್ಗ ಬಿಗಿಯಬೇಡಿರಿ. ಕಾಲು ಅಲುಗಾಡದಂತೆ ಇಟ್ಟು ನೇರ ದವಾಖಾನೆಗೆ ಒಯ್ಯಿರಿ. ಮೊಳೆ, ಜಾಲಿ ಮುಳ್ಳು ಚುಚ್ಚಿದ ಆಳವಾದ ಸಣ್ಣ ತೂತಿಗೂ ಹೊಲಿಗೆ ಹಾಕುವುದಿಲ್ಲ. ಅದು ಒಳಗಿನಿಂದ ಮೇಲಕ್ಕೆ ವಾಸಿಯಾಗಬೇಕು.

ಧನುರ್ವಾಯುವಿನ ಮಾತು

ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ, ದನದ ಸಗಣಿಯಲ್ಲಿ ಇರುತ್ತದೆ. ಗಾಳಿ ಆಡದ ಜಾಗದಲ್ಲಿ ಅದು ಬೆಳೆಯುತ್ತದೆ. ಮಣ್ಣು ಉಳಿಸಿ ಹೊಲಿದ ಗಾಯ ಅದಕ್ಕೆ ಸರಿಯಾದ ಮನೆ. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗುವ ಈ ರೋಗಕ್ಕೆ ತಡೆ ಲಸಿಕೆಯೊಂದೇ. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು. ಇದರಲ್ಲಿ ಬಸುರಿಯರಿಗೆ ಕೊಟ್ಟ ಚುಚ್ಚುಮದ್ದಿನ ಪಾಲು ದೊಡ್ಡದು. ಹಿಂದೆ ಟಿ.ಟಿ. ಎಂದು ಕರೆಯುತ್ತಿದ್ದ ಈ ಚುಚ್ಚುಮದ್ದಿನ ಬದಲು 2019ರಿಂದ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಬಂದಿದೆ.

ನಾವು ಹೆಣ್ಣುಮಕ್ಕಳು ಬಸುರಿಯಾಗಿದ್ದಾಗ ಇದನ್ನು ತೆಗೆದುಕೊಂಡಿರುತ್ತೇವೆ. ಆದರೆ ಗಣಿಗೆ ಹೋಗುವ ಗಂಡ, ಹೊಲಕ್ಕೆ ಹೋಗುವ ಮಾವ? ಅವರು ಕಡೆಯ ಸಲ ಯಾವಾಗ ತೆಗೆದುಕೊಂಡರೋ ನೆನಪಿರುವುದಿಲ್ಲ. ಹಿಂದಿನ ಡೋಸುಗಳು ಪೂರ್ತಿ ಆಗಿದ್ದವರಿಗೆ, ಶುದ್ಧ ಸಣ್ಣ ಗಾಯವಾದರೆ ಕಡೆಯ ಡೋಸಿಗೆ 10 ವರ್ಷ, ಮಣ್ಣು ಸೇರಿದ ಅಥವಾ ಆಳದ ಗಾಯವಾದರೆ 5 ವರ್ಷ ಕಳೆದಿದ್ದರೆ ಮತ್ತೆ ಬೇಕು. ಹಿಂದೆ ತೆಗೆದುಕೊಳ್ಳದವರಿಗೆ ಹೊಲಸಾದ ಗಾಯವಾದರೆ ಲಸಿಕೆಯ ಜೊತೆಗೆ ಬೇರೆ ಚುಚ್ಚುಮದ್ದೂ ಬೇಕಾಗುತ್ತದೆ, ಡೋಸು ಪೂರ್ತಿ ಮಾಡಲು ಮತ್ತೆ ಹೋಗಬೇಕಾಗುತ್ತದೆ.

ದವಾಖಾನೆಯಲ್ಲಿ ಕೇಳಬೇಕಾದ ನಾಲ್ಕು ಮಾತು

"ಒಳಗ ಏನೂ ಉಳಿದಿಲ್ಲ ಅಲ್ರಿ?" "ಧನುರ್ವಾಯು ಸೂಜಿ ಬೇಕೇನ್ರಿ?" "ಪಟ್ಟಿ ಯಾವಾಗ ಬದಲಿಸಬೇಕ್ರಿ?" "ಹೊಲಿಗಿ ತೆಗೆಸೋಕ ಯಾವತ್ತು ಬರಬೇಕ್ರಿ?" ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಸಕ್ಕರೆ ಕಾಯಿಲೆ ಇದ್ದರೆ, ಯಾವುದಾದರೂ ಔಷಧಿ ಮೈಗೆ ಆಗದಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿರಿ. ಕೆಲಸದ ಜಾಗದಲ್ಲಿ ಆದ ಗಾಯವಾದರೆ ಮಾಲೀಕರಿಗೆ ಅವತ್ತೇ ತಿಳಿಸಿ ದಾಖಲೆ ಮಾಡಿಸಿರಿ. ಇ.ಎಸ್.ಐ. ಕಾರ್ಡ್ ಇರುವವರಿಗೆ ಚಿಕಿತ್ಸೆಯ ಜೊತೆಗೆ ಕೆಲಸ ತಪ್ಪಿದ ದಿನಗಳ ಹಣ ಪಡೆಯಲೂ ಅವಕಾಶ ಇದೆ.

ಹೊಲಿಗೆ ಹಾಕಿದ ಮೇಲೆ

ಮೊದಲ ಒಂದೆರಡು ದಿನ ಗಾಯ ಒಣಗಿರಬೇಕು. ಆಮೇಲೆ ಡಾಕ್ಟರು ಒಪ್ಪಿದರೆ ನೀರು ಸುರಿದುಕೊಂಡು ಸ್ನಾನ ಮಾಡಿ, ಒತ್ತಿ ಒರೆಸಬಹುದು. ಆದರೆ ಹಳ್ಳದಲ್ಲಿ, ಕೆರೆಯಲ್ಲಿ ಗಾಯ ನೆನೆಸುತ್ತ ಬಟ್ಟೆ ಒಗೆಯಬೇಡಿರಿ. ಸೊಸೆಗೆ, ಅತ್ತೆಗೆ, ಮಗಳಿಗೆ ಕೈಗಾಯ ಆಗಿದ್ದರೆ ಆ ವಾರದ ಪಾತ್ರೆ-ಬಟ್ಟೆ ಮನೆಯ ಉಳಿದವರು ಹಂಚಿಕೊಳ್ಳಬೇಕು. ಗಂಡಸರೂ ಸೇರಿ.

ಹೊಲಿಗೆ ತೆಗೆಸುವ ದಿನ ಜಾಗದ ಮೇಲೆ ಹೋಗುತ್ತದೆ. ಮುಖಕ್ಕೆ ಸುಮಾರು 5 ದಿನ, ತಲೆಗೆ ಮತ್ತು ಕೈಗೆ 7ರಿಂದ 10, ಕಾಲಿಗೆ 10ರಿಂದ 14, ಕೀಲಿನ ಮೇಲೆ 14 ದಿನದವರೆಗೆ. ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿ ಎಳೆಯಬೇಡಿರಿ. ಹೊರಗೆ ಕೊಳೆ ಹತ್ತಿದ ದಾರ ಚರ್ಮದ ಒಳಗಿನಿಂದ ಹಾದು ಬರಬಾರದು. ಅದಕ್ಕೇ ನರ್ಸ್‌ಬಾಯಿ ಗಂಟನ್ನು ಎತ್ತಿ ಹಿಡಿದು, ಚರ್ಮಕ್ಕೆ ತಾಗಿದಂತೆ ಒಂದೇ ಕಡೆ ಕತ್ತರಿಸಿ ಎಳೆಯುತ್ತಾರೆ.

ನೋವು ದಿನದಿಂದ ದಿನಕ್ಕೆ ಹೆಚ್ಚುವುದು, ಸುತ್ತ ಕೆಂಪು ಹರಡುವುದು, ಬಿಸಿ, ಬಾವು, ಕೀವು, ವಾಸನೆ, ಜ್ವರ, ಗಾಯದಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ: ಇವುಗಳಲ್ಲಿ ಒಂದು ಕಂಡರೂ ಹೊಲಿಗೆ ತೆಗೆಸುವ ದಿನಕ್ಕೆ ಕಾಯದೆ ಹೋಗಿರಿ.

ಪಥ್ಯದ ವಿಷಯ ಹೇಳಲೇಬೇಕು. "ಬ್ಯಾಳಿ ತಿಂದ್ರ ಕೀವಾಗತದ, ಮೊಸರು ತಿಂದ್ರ ನಂಜಾಗತದ" ಎಂದು ಗಾಯದವರಿಗೆ ಬರೀ ರೊಟ್ಟಿ-ಖಾರ ಕೊಡುವುದನ್ನು ನೋಡಿದ್ದೇನೆ. ಕೀವು ಆಗುವುದು ಕ್ರಿಮಿಯಿಂದ, ಬೇಳೆಯಿಂದಲ್ಲ. ಹೊಸ ಚರ್ಮ ಕಟ್ಟಲು ದೇಹಕ್ಕೆ ಪ್ರೋಟೀನು ಬೇಕು. ಅದು ತೊಗರಿ ಬೇಳೆ, ಶೇಂಗಾ, ಮೊಟ್ಟೆ, ಹಾಲು, ಮೊಸರಿನಲ್ಲಿ ಇದೆ. ನಿಂಬೆ, ಪೇರಲ, ಸೊಪ್ಪು ಕೂಡ ಬೇಕು. ಊರೆಲ್ಲಕ್ಕೂ ತೊಗರಿ ಬೇಳೆ ಕಳಿಸುವ ಜಿಲ್ಲೆಯಲ್ಲಿ ಗಾಯಾಳುವಿನ ತಾಟಿನಲ್ಲಿ ಮಾತ್ರ ಬೇಳೆ ಇಲ್ಲ ಎಂದರೆ ಹೇಗೆ?

ಹೆರಿಗೆಯ ಹೊಲಿಗೆ

ನಮ್ಮಲ್ಲಿ ಹೆಚ್ಚು ಹೆಣ್ಣುಮಕ್ಕಳು ಹೊಲಿಗೆ ಹಾಕಿಸಿಕೊಳ್ಳುವುದು ಹೆರಿಗೆಯಲ್ಲಿ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆರಿಗೆಯಲ್ಲಿ ಹರಿದದ್ದು ಆಳವಾಗಿದ್ದರೆ ಮಲದ್ವಾರದ ಸ್ನಾಯುವರೆಗೂ ಹೋಗಿರಬಹುದು. ಅದನ್ನು ಗುರುತಿಸಿ ಪದರ ಪದರವಾಗಿ ಹೊಲಿಯದಿದ್ದರೆ ಮಲ, ಗಾಳಿ ತಡೆಯಲು ಬಾರದೆ ಹೆಣ್ಣುಮಗಳು ಒಳಗೊಳಗೇ ನರಳುತ್ತಾಳೆ. ದವಾಖಾನೆಯಲ್ಲಿ ಹೆರಿಗೆ ಆಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಹೊಲಿಗೆ ಇದ್ದಾಗ ಪ್ರತಿ ಸಲ ಶುದ್ಧ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಬಟ್ಟೆಯನ್ನು ಪದೇ ಪದೇ ಬದಲಿಸಬೇಕು. ಮಲಬದ್ಧತೆ ಆಗದಂತೆ ನೀರು, ಸೊಪ್ಪು ತೆಗೆದುಕೊಳ್ಳಬೇಕು. ಬಾಣಂತಿಗೆ ನೀರು ಕಡಿಮೆ ಮಾಡಬೇಡಿರಿ.

ಸಂಘವಾಗಿ ನಾವು ಏನು ಮಾಡೋಣ?

ಸೂಜಿ-ದಾರ ತರಬೇತಾದವರ ಕೈಯಲ್ಲಿರಲಿ. ನಮ್ಮ ಅಭ್ಯಾಸ ಬೇರೆ ಇದೆ, ಅದೂ ಕೈಯಿಂದಲೇ ಕಲಿಯುವಂಥದ್ದು. ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಇಡಿರಿ. ಜೋಡಿಯಾಗಿ ಕುಳಿತು ಒಬ್ಬರ ಕೈಯನ್ನು ಇನ್ನೊಬ್ಬರು ಗಡಿಯಾರ ನೋಡಿ 10 ನಿಮಿಷ ಒತ್ತಿ ಹಿಡಿಯಿರಿ. ಎಷ್ಟು ಉದ್ದದ ಹೊತ್ತು ಅದು ಎಂದು ಆಗ ಗೊತ್ತಾಗುತ್ತದೆ. ಪಟ್ಟಿ ಕಟ್ಟಿ ನೋಡಿರಿ. ಬೆರಳ ತುದಿ ನೀಲಿಯಾದರೆ, ತಣ್ಣಗಾದರೆ ಪಟ್ಟಿ ಬಿಗಿಯಾಗಿದೆ. ಆಶಾ ಕಾರ್ಯಕರ್ತೆಯನ್ನು ಕರೆದು ತಪ್ಪು ತಿದ್ದಿಸಿಕೊಳ್ಳಿರಿ.

ಸಂಘದ ಹಣದಲ್ಲಿ ಒಂದು ಪೆಟ್ಟಿಗೆ ಮಾಡಿರಿ: ಸೋಪು, ಕೈಗವಸು, ಗಾಜ್ ಬಟ್ಟೆ, ಸುತ್ತುವ ಪಟ್ಟಿ, ಅಂಟುಪಟ್ಟಿ, ಕತ್ತರಿ, ಓಆರ್‌ಎಸ್ ಪುಡಿ. ಜೊತೆಗೆ 108, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಊರಲ್ಲಿ ಗಾಡಿ ಇರುವವರ ನಂಬರು ಬರೆದ ಚೀಟಿ. ಬೀಗ ಹಾಕಿ ಕೀಲಿ ಕಳೆಯುವ ಪೆಟ್ಟಿಗೆ ಬೇಡ.

ಹೊಲಿಗೆ ಕಲಿಯಬೇಕೆಂಬ ಆಸೆ ಇರುವ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಪಿಯುಸಿ ಓದಿಸಿರಿ. ಆಮೇಲೆ 3 ವರ್ಷದ ಜಿಎನ್‌ಎಂ, 4 ವರ್ಷದ ಬಿಎಸ್ಸಿ ನರ್ಸಿಂಗ್ ಇದೆ. ಸೇರಿಸುವ ಮುಂಚೆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಆ ಮಗಳು ಕಲಿತು ಬಂದರೆ ಊರಿಗೇ ಆಸರೆ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಲ್ಲಿ ಕಳೆದ ವರ್ಷ ಯಾರ ಯಾರಿಗೆ ದೊಡ್ಡ ಗಾಯ ಆಯಿತು? ಮೊದಲ ಒಂದು ಗಂಟೆಯಲ್ಲಿ ಏನು ಮಾಡಲಾಯಿತು?
2. ರಾತ್ರಿ ಹೊತ್ತು ಗಾಯವಾದರೆ ದವಾಖಾನೆಗೆ ಹೋಗುವ ಗಾಡಿ ಯಾರದು?
3. ನಮ್ಮ ಮನೆಯ ಗಂಡಸರು ಧನುರ್ವಾಯು ಸೂಜಿ ತೆಗೆದುಕೊಂಡು ಎಷ್ಟು ವರ್ಷ ಆಯಿತು?
4. ಗಣಿ, ರಾಶಿ ಯಂತ್ರದ ಹತ್ತಿರ ಕೆಲಸ ಮಾಡುವಾಗ ಸೆರಗು ಕಟ್ಟುವುದು, ಗಟ್ಟಿ ಚಪ್ಪಲಿ ಅಥವಾ ಬೂಟು ಹಾಕುವುದನ್ನು ಈ ತಿಂಗಳಿಂದಲೇ ಶುರು ಮಾಡುವವರು ಯಾರು?

ಉತ್ತರಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಸಭೆಯಲ್ಲಿ ಅಲ್ಲಿಂದಲೇ ಮಾತು ಮುಂದುವರಿಸೋಣ.